ಪಟ್ಟಿಯಲ್ಲಿ ಇಲ್ಲದ ಫೈಲು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಇದ್ದವರು ಇಬ್ಬರೇ: ಎಂಬತ್ತನಾಲ್ಕು ವರ್ಷದ ನಿರಂಜನ ಅಜ್ಜಾರು ಮತ್ತು ಅವರ ಶಿಷ್ಯ ಪ್ರಭಯ್ಯ.

ಪ್ರಭಯ್ಯ ಬಿಎಸ್ಸಿ ಓದಿದವನು. ಪಟ್ಟಿ ಬರೆಯದೆ ಯಾವ ಕೆಲಸಕ್ಕೂ ಕೈಹಾಕುತ್ತಿರಲಿಲ್ಲ.

ಅಜ್ಜಾರಿಗೆ ಎಪ್ಪತ್ತಮೂರು ತತ್ವಪದಗಳು ಬಾಯಿಗೆ ಬರುತ್ತಿದ್ದವು. ಅವರ ಗುರುಗಳು ಹಾಡಿ ಕಲಿಸಿದ್ದು. ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಅಜ್ಜಾರು ಹಾಡಿ ಅರ್ಥ ಹೇಳುವರು, ಪ್ರಭಯ್ಯ ಮಠದ ಕಂಪ್ಯೂಟರಿನಲ್ಲಿ ಟೈಪು ಮಾಡುವನು. ಎರಡು ವರ್ಷದಿಂದ ಹೀಗೆ ನಡೆದಿತ್ತು.

ಧ್ವನಿ ಮುದ್ರಿಸಿಕೊಳ್ಳಲು ಅಜ್ಜಾರು ಒಪ್ಪಿರಲಿಲ್ಲ. ಯಂತ್ರ ನನ್ನನ್ನು ತಡೆದು ಕೇಳುವುದಿಲ್ಲ, ನೀನಾದರೆ ಕೇಳುತ್ತೀಯ ಎಂದಿದ್ದರು.

ಮೊದಮೊದಲು ಪ್ರಭಯ್ಯ ಕೇಳುತ್ತಲೂ ಇದ್ದ. ಆದರೆ ಈಚೆಗೆ ಅಜ್ಜಾರು ಹಾಡುತ್ತ ಹಾಡುತ್ತ ನಡುವೆ ನಿಂತುಬಿಡುತ್ತಿದ್ದರು. ಮುಂದಿನ ಸಾಲು ನೆನಪಾಗುತ್ತಿರಲಿಲ್ಲ. ಪದಗಳು ಕೈತಪ್ಪಿ ಹೋದಾವೆಂದು ಪ್ರಭಯ್ಯ ಹೆದರಿದ. ಕೇಳುವುದನ್ನು ಬಿಟ್ಟ, ಬೆರಳುಗಳು ಚುರುಕಾದವು.

ಅಷ್ಟರಲ್ಲಿ ಕಂಪ್ಯೂಟರು ಕೈಕೊಡತೊಡಗಿತು. ಒಳಗಿನದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕಿತ್ತು. ಪ್ರಭಯ್ಯ ಡಿಸ್ಕನ್ನು ಎರಡು ಪಾಲು ಮಾಡಿದ.

ಇದೇನು ನಡೆಸಿದ್ದೀ ಎಂದು ಅಜ್ಜಾರು ಬಂದು ನೋಡಿದರು.

“ಒಂದು ಪಾಲು ಯಂತ್ರದ್ದು, ಇನ್ನೊಂದು ಪಾಲು ನಮ್ಮದು, ಅಜ್ಜಾರ. ನಮ್ಮ ಫೋಲ್ಡರು ಎಲ್ಲಾ ಆ ಕಡೆ ಸಾಗಸ್ತೀನಿ. ಆಮ್ಯಾಲೆ ಯಂತ್ರದ ಪಾಲು ಅಳಿಸಿದ್ರೂ ನಮ್ಮದು ಉಳೀತದ.”

“ಒಂದ ಮನ್ಯಾಗ ನಡುವ ಗ್ವಾಡಿ ಕಟ್ಟಿದಿ ಅನ್ನು,” ಎಂದು ಅಜ್ಜಾರು ನಕ್ಕರು. “ಎಲ್ಲಾ ಸಾಗಿಸಿದ್ಯಾ?”

“ಪಟ್ಟಿ ಮಾಡೀನ್ರಿ. ಎರಡು ಸಲ ತಾಳೆ ನೋಡೀನಿ.”

ಪಟ್ಟಿ ಸರಿಯಾಗಿಯೇ ಇತ್ತು. ಮಠದ ಪತ್ರಗಳು, ಹಳೆಯ ಫೋಟೊಗಳು, ಪ್ರಭಯ್ಯನ ಅಂಕಪಟ್ಟಿಗಳು. ಒಟ್ಟು ಹದಿನಾಲ್ಕು ಫೋಲ್ಡರು, ಪ್ರತಿಯೊಂದರ ಮುಂದೆಯೂ ಪೆನ್ಸಿಲ್ಲಿನ ಗುರುತು. ಅವನು ಯಂತ್ರದ ಪಾಲನ್ನು ಅಳಿಸಿ ಹೊಸದಾಗಿ ಹಾಕಿದ.

ಮರುದಿನ ಬೆಳಿಗ್ಗೆ ಅಜ್ಜಾರು ಕಂಬಳಿ ಹೊದ್ದು ಬಂದು ಕುಳಿತರು. ನಲವತ್ತೆರಡನೆಯ ಪದ ಎಂದರು.

ಪ್ರಭಯ್ಯ ತತ್ವಪದಗಳ ಫೈಲು ತೆರೆಯಲು ಹೋದ. ಫೈಲು ಇರಲಿಲ್ಲ.

ದಿನಾ ಬೇಕಾಗುವುದೆಂದು ಅವನು ಅದನ್ನು ಯಾವ ಫೋಲ್ಡರಿಗೂ ಹಾಕದೆ ಡೆಸ್ಕ್‌ಟಾಪಿನ ಮೇಲೇ ಇಟ್ಟುಕೊಂಡಿದ್ದ. ಪಟ್ಟಿ ಮಾಡಿದ್ದು ಫೋಲ್ಡರುಗಳದ್ದು. ಸದಾ ಕಣ್ಣ ಮುಂದಿದ್ದದ್ದನ್ನು ಸಾಗಿಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಡೆಸ್ಕ್‌ಟಾಪು ಯಂತ್ರದ ಪಾಲಿನಲ್ಲಿತ್ತು.

ಕಂಪ್ಯೂಟರು ಇನ್ನೂ ಸರಿಹೋಗಿಲ್ಲ ಎಂದು ಅಜ್ಜಾರಿಗೆ ಸುಳ್ಳು ಹೇಳಿ, ಅದನ್ನು ಹೊತ್ತುಕೊಂಡು ಪಟ್ಟಣಕ್ಕೆ ಹೋದ. ರಿಪೇರಿಯವನು ಮಧ್ಯಾಹ್ನದವರೆಗೆ ಹುಡುಕಿದ. ಹಳೆಯದರ ಮೇಲೆ ಹೊಸದು ಕೂತುಬಿಟ್ಟಿದೆ, ಇನ್ನು ಸಿಗುವುದಿಲ್ಲ ಎಂದ. ಇನ್ನೊಂದು ಕಾಪಿ ಇಟ್ಟಿರಲಿಲ್ಲವೇ ಎಂದು ಕೇಳಿದ. ಪ್ರಭಯ್ಯ ಕಂಪ್ಯೂಟರನ್ನು ಮತ್ತೆ ಹೊತ್ತುಕೊಂಡು ಹೊರಟ.

ಸಂಜೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಪ್ರಭಯ್ಯ ಎರಡು ಮೆಟ್ಟಿಲು ಕೆಳಗೆ ನಿಂತು ನಡೆದದ್ದನ್ನೆಲ್ಲ ಹೇಳಿದ. ಬೆಳಗಿನ ಸುಳ್ಳನ್ನೂ ಹೇಳಿದ.



“ಎಷ್ಟು ಹೋದವು?”

“ನಲವತ್ತೊಂದು, ಅಜ್ಜಾರ.”

“ಒಂದು ಹೇಳು.”

ಪ್ರಭಯ್ಯ ಮೊದಲನೆಯ ಪದ ಶುರುಮಾಡಿದ. ಎರಡನೆಯ ಸಾಲಿಗೆ ತಡವರಿಸಿದ. ನಿನ್ನೆ ಮೊನ್ನೆ ಬರೆದುಕೊಂಡ ಪದವನ್ನು ನೆನೆಯಲು ನೋಡಿದ. ಅದರ ಒಂದು ಮಾತೂ ಬರಲಿಲ್ಲ. ಬೆರಳಿನಿಂದ ದಾಟಿಹೋದದ್ದು ಯಾವುದೂ ಬಾಯಿಗೆ ಬರಲಿಲ್ಲ.

“ಬರಕೊಂಡೆ ಅಷ್ಟೇ, ಅಜ್ಜಾರ. ಕಲೀಲಿಲ್ಲ.”

ಅಜ್ಜಾರು ಬೈಯಲಿಲ್ಲ. ಪಕ್ಕದ ಮೆಟ್ಟಿಲು ತೋರಿಸಿ, ಕೂಡು ಎಂದರು. ತೊಡೆಯ ಮೇಲೆ ತಾಳ ಹಾಕುತ್ತ ಮತ್ತೆ ಮೊದಲಿನಿಂದ ಹಾಡತೊಡಗಿದರು.

ಮೊದಲನೆಯ ಪದ ಪೂರ್ತಿ ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಬಂದರು.

“ಬಾಗಿಲಿಲ್ಲದ ಮನೆಗೆ ಬೀಗ ಹಾಕಿ...”

ಕೈ ನಿಂತಿತು. ಅಜ್ಜಾರು ಅದೇ ಸಾಲನ್ನು ಮತ್ತೊಮ್ಮೆ ಹಾಡಿದರು. ಮುಂದಿನದು ಬರಲಿಲ್ಲ. ಕಣ್ಣು ಮುಚ್ಚಿ ಹುಡುಕಿದರು.

ಯಂತ್ರದಿಂದ ಹೋದದ್ದು ಈಗ ಅಜ್ಜಾರಿಂದಲೂ ಹೋಯಿತು ಎಂದುಕೊಂಡ ಪ್ರಭಯ್ಯ.

ಆಗ ಅವನಿಗೆ ಎರಡು ವರ್ಷದ ಹಿಂದಿನ ಒಂದು ಬೆಳಗು ನೆನಪಾಯಿತು. ಬಾಗಿಲೇ ಇಲ್ಲದ ಮೇಲೆ ಬೀಗ ಎಲ್ಲಿಗೆ ಹಾಕುವುದು ಎಂದು ಅವನು ಟೈಪು ಮಾಡುವುದನ್ನು ನಿಲ್ಲಿಸಿ ಕೇಳಿದ್ದ. ಬಿಎಸ್ಸಿಯಲ್ಲಿ ಇಷ್ಟೂ ಕಲಿಸಲಿಲ್ಲವೇನೋ ಎಂದು ಅಜ್ಜಾರು ಕೆಣಕಿದ್ದರು. ಇವನು ಸೋಲಲಿಲ್ಲ, ಅವರು ಬಿಡಲಿಲ್ಲ. ಊಟದ ಹೊತ್ತಿನವರೆಗೆ ವಾದ ನಡೆದಿತ್ತು. ಆಮೇಲೆ ಅಂದು ಒಂದಕ್ಷರವೂ ಕಂಪ್ಯೂಟರಿಗೆ ಹೋಗಿರಲಿಲ್ಲ.

“ಕೀಲಿ ಹುಡುಕುತ ಕುಂತಾನ,” ಎಂದ ಪ್ರಭಯ್ಯ. “ಗಾಳಿ ಒಳಹೊರಗ ಆಡತದ, ತಾ ಮಾತ್ರ ಹೊರಗ ಕುಂತಾನ.”

ಅಜ್ಜಾರು ಕಣ್ಣು ಬಿಟ್ಟು ಅವನತ್ತ ತಿರುಗಿದರು.

“ಇದನ್ನ ಯಾವಾಗ ಸಾಗಿಸಿಟ್ಟಿದ್ದಿ, ತಮ್ಮಾ?”