ಕಾವಲುಗಾರನ ಸುತ್ತು

“ಅಜ್ಜಾರ, ನಾ ಕಲ್ತದ್ದೆಲ್ಲಾ ಐದ ವರ್ಷಕ್ಕೊಮ್ಮೆ ಹಳೇದಾಗಾಕತ್ತೈತಿ. ಹಿಂಗಾದ್ರ ನಂದು ಅನ್ನೂವಂಥ ವಿದ್ಯೆ ಯಾವುದು ಉಳೀತೈತ್ರಿ?”

ಕೇಳಿದವನು ಚನ್ನಮಲ್ಲ. ಅಂಗಡಿ, ಬ್ಯಾಂಕು, ಗೋದಾಮುಗಳಿಗೆ ಕಳ್ಳರ ಅಲಾರಂ ಕೂರಿಸುವುದು ಅವನ ಕಸುಬು. ಆ ಕಸುಬಿನಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದ. ಆ ವಾರ ಕಂಪನಿಯವರು ಹೊಸ ಯಂತ್ರದ ಮೇಲೆ ಪರೀಕ್ಷೆ ಇಟ್ಟಿದ್ದರು. ಅವನು ಎರಡನೆಯ ಸಲವೂ ಅದರಲ್ಲಿ ನಪಾಸಾಗಿದ್ದ. ಮಠದ ಕಟ್ಟೆಯ ಮೇಲೆ, ಮಠದ ಸ್ವಾಮಿಗಳಾದ ಅಜ್ಜನವರ ಮುಂದೆ ಕೂತು ತನ್ನ ಸಂಕಟವನ್ನೆಲ್ಲ ತೋಡಿಕೊಂಡು, ಕೊನೆಗೆ ಈ ಮಾತು ಕೇಳಿದ.

“ನಾನು ಹಳಬನಾಗಿ ಎಷ್ಟೋ ವರ್ಷವಾಯಿತು. ನನ್ನನ್ನು ಇನ್ನೂ ಯಾರೂ ಕೆಲಸದಿಂದ ತೆಗೆದಿಲ್ಲ,” ಎಂದು ಅಜ್ಜನವರು ನಕ್ಕರು. ಚನ್ನಮಲ್ಲ ನಗಲಿಲ್ಲ. ಅಜ್ಜನವರೂ ನಗು ನಿಲ್ಲಿಸಿದರು. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ನಿನ್ನದೇ ಕಸುಬು. ಅವನು ಕೆಲಸ ಶುರು ಮಾಡಿದ ಕಾಲಕ್ಕೆ ಅಲಾರಂ ಎಂದರೆ ಒಂದು ತಂತಿ, ಒಂದು ಬ್ಯಾಟರಿ, ಒಂದು ಗಂಟೆ. ಬಾಗಿಲು ತೆರೆದರೆ ತಂತಿಯ ಸಂಪರ್ಕ ತಪ್ಪುತ್ತಿತ್ತು, ಗಂಟೆ ಹೊಡೆಯುತ್ತಿತ್ತು. ಅಷ್ಟೇ.

ಅವನಿಗೊಂದು ರೂಢಿಯಿತ್ತು. ಕೆಲಸ ಮುಗಿದ ಮೇಲೆ ಮನೆಯವರನ್ನು ಒಳಗೆ ಕೂರಿಸಿ, ಎಲ್ಲ ಬಾಗಿಲು ಹಾಕಿಸಿ, ತಾನು ಹೊರಗೆ ಹೋಗುತ್ತಿದ್ದ. ಆಮೇಲೆ ಕಳ್ಳ ಹೇಗೆ ಬರುತ್ತಾನೋ ಹಾಗೆ ಬರುತ್ತಿದ್ದ. ಒಂದೊಂದು ಕಿಟಕಿಯನ್ನೂ ತಳ್ಳಿ ನೋಡುತ್ತಿದ್ದ. ಬಚ್ಚಲಿನ ಗವಾಕ್ಷಿಯಲ್ಲಿ ತಲೆ ತೂರಿಸುತ್ತಿದ್ದ. ಮಾಳಿಗೆ ಹತ್ತುತ್ತಿದ್ದ. ಜನ ನಗುತ್ತಿದ್ದರು. “ಏನಪ್ಪಾ, ದುಡ್ಡು ಕೊಟ್ಟು ಕಳ್ಳನನ್ನು ಕರೆಸಿದ ಹಾಗಾಯಿತಲ್ಲ” ಎನ್ನುತ್ತಿದ್ದರು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಎಲ್ಲ ಕಡೆಯಲ್ಲೂ ಗಂಟೆ ಹೊಡೆದ ಮೇಲೆಯೇ ಕೀಲಿಕೈಯನ್ನು ಯಜಮಾನನ ಕೈಗೆ ಕೊಡುತ್ತಿದ್ದ.

ಕಾಲ ಬದಲಾಯಿತು. ತಂತಿ ಹೋಯಿತು. ಗೋಡೆಯ ಮೇಲೆ ಕೂತು ಮೈಯ ಬಿಸಿಯನ್ನು ನೋಡುವ ಕಣ್ಣುಗಳು ಬಂದವು. ಆಮೇಲೆ ಎಲ್ಲವೂ ಫೋನಿನೊಳಗೆ ಸೇರಿತು. ನೀನು ಅಂದುಕೊಂಡಿರಬಹುದು, ಅವನು ಹೊಸದನ್ನು ಕಲಿಯಲಾರದೆ ಹಿಂದೆ ಬಿದ್ದ ಎಂದು. ಇಲ್ಲ. ತನ್ನ ಅರ್ಧ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಕಲಿತ. ಅವರಿಗಿಂತ ಚೆನ್ನಾಗಿ ಕಲಿತ. ಪರೀಕ್ಷೆ ಇಟ್ಟರೆ ನಿನ್ನ ಹಾಗೆ ತಪ್ಪುತ್ತಿರಲಿಲ್ಲ, ನೂರಕ್ಕೆ ನೂರು ತೆಗೆಯುತ್ತಿದ್ದ. ಗೋಳು ಶುರುವಾದದ್ದೇ ಅಲ್ಲಿಂದ.

ಆ ಊರಿನಲ್ಲಿ ಒಬ್ಬ ರೇಷ್ಮೆ ನೂಲಿನ ವ್ಯಾಪಾರಿ ಇದ್ದ. ಅವನಿಗೊಂದು ಗೋದಾಮಿತ್ತು. ಗೋದಾಮಿಗೊಬ್ಬ ಕಾವಲುಗಾರನಿದ್ದ. ಹದಿನೆಂಟು ವರ್ಷದಿಂದ ಅಲ್ಲೇ ಇದ್ದ. ಓದು ಬರಹ ಬಾರದು. ಅವನ ಕೆಲಸ ಒಂದೇ, ತಾಸಿಗೊಂದು ಸುತ್ತು. ಸುತ್ತು ಹಾಕುವಾಗ ಪ್ರತಿ ಕಿಟಕಿಯ ಸರಳಿಗೂ ಕೋಲಿನಿಂದ ಒಂದೊಂದು ಏಟು ಹಾಕುತ್ತಿದ್ದ. ಸರಳು ಗಟ್ಟಿಯಾಗಿದೆಯೋ ಸಡಿಲಾಗಿದೆಯೋ ಎಂಬುದು ಅವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಹದಿನೆಂಟು ವರ್ಷದಲ್ಲಿ ಒಂದು ಎಳೆ ನೂಲು ಹೊರಗೆ ಹೋಗಿರಲಿಲ್ಲ.

ವ್ಯಾಪಾರಿ ಮೆಕ್ಯಾನಿಕ್‌ನನ್ನು ಕರೆಸಿ ಹೊಸ ಅಲಾರಂ ಹಾಕಿಸಿದ. ಹಿಂಬದಿಯ ಗೋಡೆಗೂ ಒಂದು ಕಣ್ಣು ಕೂರಿಸಿದರು. ತೊಂದರೆ ಏನಾಯಿತೆಂದರೆ, ಕಾವಲುಗಾರ ಸುತ್ತು ಹೊರಟಾಗಲೆಲ್ಲ ಸೈರನ್ ಕೂಗತೊಡಗಿತು. ಕಳ್ಳನ ಮೈಯೂ ಬಿಸಿ, ಕಾವಲುಗಾರನ ಮೈಯೂ ಬಿಸಿ. ಪಾಪ, ಆ ಕಣ್ಣಿಗೆ ಏನು ಗೊತ್ತು! ಆಗ ಮೆಕ್ಯಾನಿಕ್ ಕಾವಲುಗಾರನನ್ನು ಕರೆದು ಹೇಳಿದ.

“ಇನ್ನ ಮ್ಯಾಲ ಸುತ್ತು ಹಾಕೂದು ಬ್ಯಾಡೋ ಮಾರಾಯ. ಯಾರರ ಬಂದ್ರ ಅದ ಕೂಗತೈತಿ. ನೀ ಗೇಟಿನ್ಯಾಗ ಆರಾಮ ಕೂಡು.”

“ಖರೇನ ಕೂಗತೈತೇನ್ರೀ?”

“ನಾ ಅದೀನಿ, ನೀ ಯಾಕ ಚಿಂತಿ ಮಾಡ್ತಿ?”

ಕಾವಲುಗಾರ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತ. ಮೊದಮೊದಲು ತಾಸಿಗೊಮ್ಮೆ ಅವನ ಕಾಲು ತಾನಾಗಿ ಏಳುತ್ತಿತ್ತಂತೆ. ಮತ್ತೆ ನೆನಪಾಗಿ ಕೂರುತ್ತಿದ್ದನಂತೆ. ಕೆಲವು ತಿಂಗಳಿಗೆ ಅದೂ ನಿಂತಿತು.

ಈಗ ಹಲ್ಲಿಯ ವಿಷಯಕ್ಕೆ ಬರೋಣ. ಹಿಂಬದಿಯ ಕಣ್ಣಿನ ಮೇಲೆ ಒಂದು ಹಲ್ಲಿ ಓಡಾಡುತ್ತಿತ್ತು. ಅದು ಓಡಾಡಿದಾಗಲೆಲ್ಲ ಸೈರನ್ ಕೂಗುತ್ತಿತ್ತು. ಅಕ್ಕಪಕ್ಕದವರು ರೇಗಿದರು. ಮೆಕ್ಯಾನಿಕ್ ಎರಡು ಸಲ ಏಣಿ ಹಾಕಿ ಹತ್ತಿ, ಹಲ್ಲಿಯನ್ನು ಓಡಿಸಿ, ಜೇಡರ ಬಲೆ ಒರೆಸಿ ಬಂದ. ಹಲ್ಲಿಗೆ ಬೇರೆ ಮನೆ ಇರಲಿಲ್ಲ. ಮತ್ತೆ ಬಂತು.

ಮೂರನೆಯ ಸಲ ಅವನು ಹೋಗಲಿಲ್ಲ. ಯಂತ್ರದಲ್ಲಿ ಒಂದು ಏರ್ಪಾಡು ಮಾಡಿದ. ಕಣ್ಣು ಯಾರನ್ನಾದರೂ ಕಂಡರೆ ಮೊದಲು ಅವನ ಫೋನಿಗೆ ತಿಳಿಸಬೇಕು. ಒಂದು ನಿಮಿಷದೊಳಗೆ ಅವನು ಬೇಡವೆಂದರೆ ಸೈರನ್ ಕೂಗಬಾರದು. ಬುದ್ಧಿವಂತಿಕೆಯ ಏರ್ಪಾಡೇ. ಅಕ್ಕಪಕ್ಕದವರು ನೆಮ್ಮದಿಯಾದರು. ವ್ಯಾಪಾರಿ ಅವನ ಬೆನ್ನು ತಟ್ಟಿದ. ಅಂದಿನಿಂದ ಹಿಂಬದಿಯ ಕಣ್ಣು ಕರೆದಾಗಲೆಲ್ಲ ಅವನು ಇದ್ದಲ್ಲಿಂದಲೇ ಬೇಡವೆಂದು ಒತ್ತುತ್ತಿದ್ದ. ಸಂತೆಯಲ್ಲಿ ನಿಂತು ಒತ್ತಿದ್ದಾನೆ. ಕ್ಷೌರಕ್ಕೆ ಕೂತಲ್ಲಿ ಒತ್ತಿದ್ದಾನೆ. ನಾಳೆ ಹೋಗಿ ಆ ಕಣ್ಣನ್ನು ಬೇರೆ ಕಡೆ ಕೂರಿಸಿದರಾಯಿತು ಎಂದುಕೊಳ್ಳುತ್ತಿದ್ದ. ಆ ನಾಳೆ ಬರಲೇ ಇಲ್ಲ.

ಒಂದು ದಿನ ಗೋದಾಮಿಗೆ ವಾರದ ರಜೆ. ಮಧ್ಯಾಹ್ನದ ಹೊತ್ತು. ಮೆಕ್ಯಾನಿಕ್ ನೆಂಟರ ಮನೆಯ ನಿಶ್ಚಿತಾರ್ಥದಲ್ಲಿ ಊಟಕ್ಕೆ ಕೂತಿದ್ದ. ಎಲೆಗೆ ಹೋಳಿಗೆ ಬಿದ್ದಿತ್ತು. ಫೋನು ಸದ್ದು ಮಾಡಿತು. ಹಿಂಬದಿಯ ಕಣ್ಣು. ಬಲಗೈ ಎಂಜಲಾಗಿತ್ತು, ಎಡಗೈಯಿಂದ ಒತ್ತಿದ. ತುಪ್ಪ ಹಾಕಿಸಿಕೊಂಡ.

ಮರುದಿನ ಬೆಳಿಗ್ಗೆ ಗೋದಾಮು ತೆರೆದಾಗ ಹಿಂದಿನ ಕಿಟಕಿಯ ಎರಡು ಸರಳು ಬಾಗಿದ್ದವು. ಒಳಗೆ ಅರ್ಧ ನೂಲು ಇರಲಿಲ್ಲ.

ಅಲಾರಂ ಕೂಗಲಿಲ್ಲ ಎಂದ ಮೇಲೆ ಒಳಗಿನವರದೇ ಕೈವಾಡ ಎಂದು ಎಲ್ಲರೂ ತೀರ್ಮಾನಿಸಿದರು. ಒಳಗಿನವರು ಎಂದರೆ ಕಾವಲುಗಾರನಲ್ಲದೆ ಇನ್ನಾರು? ಪೊಲೀಸರು ಅವನನ್ನು ಕರೆದುಕೊಂಡು ಹೋದರು. “ಏನೂ ಕೇಳಿಸಲಿಲ್ಲ” ಎಂಬುದೊಂದು ಬಿಟ್ಟು ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಅದು ನಿಜವೂ ಆಗಿತ್ತು. ಆದರೆ ನಿಜ ಎನ್ನುವುದು ಬಡವನ ಬಾಯಿಂದ ಬಂದರೆ ಅದಕ್ಕೆ ಸಾಕ್ಷಿ ಬೇಕಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಊರು ಆಡಿಕೊಂಡಿತು. ಅವನ ಹೆಂಡತಿ ನಲ್ಲಿಗೆ ಬಂದರೆ ಉಳಿದ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಹದಿನೆಂಟು ವರ್ಷ ದುಡಿದು ಸಂಪಾದಿಸಿದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಯಿತು.

ಮೆಕ್ಯಾನಿಕ್ ಯಂತ್ರದೊಳಗಿನ ದಾಖಲೆ ತೆರೆದು ನೋಡಿದ. ಹಳೆಯ ಗಂಟೆಗೆ ನೆನಪಿರಲಿಲ್ಲ. ಹೊಸದಕ್ಕೆ ಇತ್ತು. ಎರಡು ಗಂಟೆ ನಲವತ್ತು ನಿಮಿಷಕ್ಕೆ ಹಿಂಬದಿಯ ಕಣ್ಣು ಯಾರನ್ನೋ ಕಂಡಿದೆ. ಅದೇ ನಿಮಿಷದಲ್ಲಿ ಇಂಥವರು ಬೇಡವೆಂದರು ಎಂದು ಅವನ ಹೆಸರೇ ಬರೆದಿದೆ. ಆ ದಾಖಲೆ ಇದೆ ಎಂಬುದು ವ್ಯಾಪಾರಿಗೆ ಗೊತ್ತಿಲ್ಲ, ಪೊಲೀಸರಿಗೂ ಗೊತ್ತಿಲ್ಲ. ಇಡೀ ಊರಿನಲ್ಲಿ ಅದನ್ನು ಓದಬಲ್ಲವನು ಅವನೊಬ್ಬ. ಅಳಿಸಬಲ್ಲವನೂ ಅವನೊಬ್ಬ. ಯಂತ್ರ ಕೆಟ್ಟಿತ್ತು ಎಂದರೆ ಎಲ್ಲರೂ ನಂಬುತ್ತಿದ್ದರು. ಅವನು ಕಲಿತ ವಿದ್ಯೆಗೆ ಅಷ್ಟು ಬೆಲೆಯಿತ್ತು.

ಮೂರು ದಿನ ಅವನು ಊಟ ಸರಿಯಾಗಿ ಮಾಡಲಿಲ್ಲ. ಅಳಿಸಲು ಎರಡು ಸಲ ಬೆರಳು ಇಟ್ಟನಂತೆ, ಎರಡು ಸಲ ತೆಗೆದನಂತೆ. ಹೇಳಿದರೆ ಕೆಲಸ ಹೋಗುತ್ತದೆ, ಮುಂದೆ ಯಾರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಹೇಳದಿದ್ದರೆ ಇನ್ನೊಬ್ಬ ಮನುಷ್ಯ ಸಾಯುವವರೆಗೂ ಕಳ್ಳ ಎನಿಸಿಕೊಂಡಿರುತ್ತಾನೆ. ನಾಲ್ಕನೆಯ ದಿನ ಹೋಗಿ ವ್ಯಾಪಾರಿಯ ಮುಂದೆ ದಾಖಲೆ ಇಟ್ಟ. ಓದಿ ಹೇಳಿದ. ಪೊಲೀಸರ ಮುಂದೆಯೂ ಹೇಳಿದ.

ವ್ಯಾಪಾರಿ ಕೆಟ್ಟವನಲ್ಲ. ತಾನೇ ಠಾಣೆಗೆ ಹೋಗಿ ಕಾವಲುಗಾರನನ್ನು ಬಿಡಿಸಿಕೊಂಡು ಬಂದ. ಹತ್ತು ಜನರ ಎದುರಿಗೆ ಕೈಮುಗಿದು, ನಾಳೆಯಿಂದ ಕೆಲಸಕ್ಕೆ ಬಾ ಎಂದ. ಮೆಕ್ಯಾನಿಕ್ ಅಲ್ಲೇ ನಿಂತಿದ್ದ. ಕಾವಲುಗಾರನ ಕಾಲು ಹಿಡಿಯಲು ಬಗ್ಗಿದ. ಕಾವಲುಗಾರ ಅವನ ತೋಳು ಹಿಡಿದು ಎತ್ತಿದ.

“ಬಿಡ್ರೀ, ತಪ್ಪು ಯಾರಿಂದರ ಆಗತೈತಿ,” ಎಂದ. ಆಮೇಲೆ ಹೇಳಿದ. “ಆದ್ರ ನನಗ ಒಂದು ತಿಳೀಲಿಲ್ರೀ. ನೀವು ನನ್ನ ಸುತ್ತು ಬಿಡಿಸಿದ್ರಿ. ನನ್ನ ಬದ್ಲಿ ನೀವು ಸುತ್ತು ಹಾಕಾಕತ್ತೀರಿ ಅಂತ ನಾ ತಿಳಕೊಂಡು ಕುಂತಿದ್ದೆ.”

ಕಾವಲುಗಾರ ಉತ್ತರಕ್ಕೆ ಕಾಯಲಿಲ್ಲ. ಮನೆಗೆ ಹೋದ. ಮರುದಿನ ಕೆಲಸಕ್ಕೆ ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ.

ಕತೆ ಇಷ್ಟೇ ಎಂಬಂತೆ ಅಜ್ಜನವರು ಹೊದ್ದ ಶಾಲು ಸರಿಮಾಡಿಕೊಂಡರು.

ಚನ್ನಮಲ್ಲನಿಗೆ ಸಮಾಧಾನವಾಗಲಿಲ್ಲ. ತನ್ನ ಪ್ರಶ್ನೆ ಒಂದು, ಅಜ್ಜನವರ ಕತೆ ಇನ್ನೊಂದು ಎನಿಸಿತು. “ಅಜ್ಜಾರ, ಹಂಗಾರ ನಾ ಹೊಸದು ಕಲೀಲೋ ಬ್ಯಾಡೋ? ಅದನ್ನರ ಹೇಳ್ರಿ” ಎಂದ.

ಅಜ್ಜನವರು ಅವನ ಮುಖವನ್ನೇ ನೋಡಿದರು.

“ಕಲಿಯಪ್ಪಾ, ಎಷ್ಟು ಬೇಕೋ ಅಷ್ಟು ಕಲಿ, ಆದರೆ ನಿನ್ನ ಮಾತು ನಂಬಿ ಈ ಊರಿನಲ್ಲಿ ಎಷ್ಟು ಜನ ಸುತ್ತು ಬಿಟ್ಟು ಕೂತಿದ್ದಾರೆ, ಮೊದಲು ಅದನ್ನು ಹೇಳು.”