ಬಿಲ್ಲಿಗೊಂದು ಕೊಂಬೆ

ಬೆಟ್ಟದ ಬುಡದ ಒಂದು ಕಾಡಿನಲ್ಲಿ ಕರಿಮೊಗ ಎಂಬ ಕೋತಿ ಇತ್ತು. ಅದಕ್ಕೆ ಬಿಲ್ಲು ಮಾಡುವ ಹುಚ್ಚು. ಯಾರ ಮೇಲೂ ಬಾಣ ಬಿಡುವ ಆಸೆಯಿರಲಿಲ್ಲ. ಕೊಂಬೆ ಕೆತ್ತಿ, ಬಾಗಿಸಿ, ನಾರಿನ ಹೆದೆ ಕಟ್ಟಿ, ಒಮ್ಮೆ ‘ಟಂಯ್’ ಎನ್ನಿಸಿದರೆ ಸಾಕಿತ್ತು. ಆದರೆ ಆ ಸಮಾಧಾನ ಬಹಳ ಹೊತ್ತು ಉಳಿಯುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಕೊಂಬೆ ಎಲ್ಲೋ ಇದೆ ಎಂದು ಮನಸ್ಸು ಚಡಪಡಿಸುತ್ತಿತ್ತು. ತಿನ್ನುತ್ತಿದ್ದ ಹಣ್ಣನ್ನು ಅರ್ಧಕ್ಕೇ ಬಿಸಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹೊರಟುಬಿಡುತ್ತಿತ್ತು.

ಆ ಬೇಸಿಗೆಯಲ್ಲಿ ಅದು ಮಾಡಿದ ಬಿಲ್ಲುಗಳೆಲ್ಲ ಎಳೆದ ಕೂಡಲೇ ಮುರಿದವು. ಕೋತಿಗೆ ಕೂತಲ್ಲಿ ಕೂರಲಾಗಲಿಲ್ಲ. ಈ ಒದ್ದಾಟವನ್ನು ನರಿ ನೋಡಿತು.

“ಕರಿಮೊಗಣ್ಣಾ, ಹಳ್ಳದಾಚೆ ಒಂದು ತಡಸಲು ಮರ ಇದೆ. ಅದರಲ್ಲೊಂದು ಕೊಂಬೆ, ಆಹಾ! ಗಂಟಿಲ್ಲ, ಸೀಳಿಲ್ಲ, ಬಿಲ್ಲಿಗೆಂದೇ ಬೆಳೆದ ಹಾಗಿದೆ.”

“ಎಲ್ಲಿ? ಎಲ್ಲಿ?”

“ಬೇಗ ಬಾ. ಆನೆಗಳು ಆ ಕಡೆ ಹೊರಟಿವೆ. ಅವು ಬಂದರೆ ಒಂದು ಕಡ್ಡಿಯನ್ನೂ ಉಳಿಸಲ್ಲ.”

ಆನೆಗಳ ಮಾತು ಸುಳ್ಳು. ಕೊಂಬೆಯ ಮಾತು ನಿಜ. ಆದರೆ ಅದರ ತುದಿಯಲ್ಲಿ, ದಟ್ಟ ಎಲೆಗಳ ಮರೆಯಲ್ಲಿ, ಹೆಜ್ಜೇನು ಗೂಡು ಕಟ್ಟಿತ್ತು. ಅದನ್ನು ಮಾತ್ರ ನರಿ ಹೇಳಲಿಲ್ಲ. ಹುಳುಗಳು ಕೋತಿಯನ್ನು ಅಟ್ಟಿಸಿಕೊಂಡು ಹೋಗಲಿ, ಬಿದ್ದ ಜೇನುತುಪ್ಪ ತನಗಿರಲಿ ಎಂದು ಅದು ಮನಸ್ಸಿನಲ್ಲೇ ಬಾಯಿ ಚಪ್ಪರಿಸಿತು.

ಕರಿಮೊಗ ಸರಸರನೆ ಮರ ಹತ್ತಿತು. ಅವಸರದಲ್ಲಿ ಕೊಂಬೆಯ ಬುಡವನ್ನಷ್ಟೇ ತಡವಿ ನೋಡಿತು. ಕತ್ತಿ ಎತ್ತಿತು. ಮತ್ತೆ ಇಳಿಸಿತು.

“ಅದೇನು ಗುಂಯ್ ಅಂತಿದೆ?”

“ಗಾಳಿ ಕಣಣ್ಣಾ. ಕಡಿ, ಕಡಿ!”

ಕೋತಿ ಒಂದೇ ಸಮನೆ ಕಡಿಯಿತು. ಇನ್ನೊಂದು ಏಟು ಬಾಕಿ ಇದ್ದಾಗ ಥಟ್ಟನೆ ನಿಂತಿತು.

“ನರಿಯಣ್ಣಾ, ಕೊಂಬೆ ನೆಲಕ್ಕೆ ಅಪ್ಪಳಿಸಿದರೆ ಒಳಗೇ ಬಿರುಕು ಬಿಡುತ್ತೆ. ನೀನು ಕೆಳಗೆ ನಿಂತು ಹಿಡಿದುಕೋ.”

ನರಿಯ ಕಿವಿ ಜೋತುಬಿತ್ತು. “ಕೆಳಗೆ ಹುಲ್ಲಿದೆಯಲ್ಲ! ಮೆತ್ತಗೆ ಬೀಳುತ್ತೆ.”

“ಇಲ್ಲಪ್ಪ. ಮುರಿದ ಬಿಲ್ಲು ನೋಡಿ ನೋಡಿ ಸಾಕಾಗಿದೆ. ನಿನಗಾಗದಿದ್ದರೆ ಬಿಡು, ನಾನು ಬೇರೆ ಮರ ನೋಡ್ತೀನಿ.” ಕೋತಿಯ ಒಂದು ಕಾಲು ಆಗಲೇ ಪಕ್ಕದ ಮರದ ಮೇಲಿತ್ತು.

ಜೇನು ಕೈತಪ್ಪಿಹೋಗುವುದು ನರಿಗೆ ಬೇಕಿರಲಿಲ್ಲ. ಹಿಡಿದ ಹಾಗೆ ಮಾಡಿ ಓಡಿದರಾಯಿತು ಎಂದುಕೊಂಡಿತು. “ಸರಿ, ಹಿಡೀತೀನಿ” ಎಂದು ಕೆಳಗೆ ಬಂದು ನಿಂತಿತು.

ಕೊನೆಯ ಏಟು ಬಿತ್ತು. ಕೊಂಬೆ, ಎಲೆ, ಗೂಡು ಎಲ್ಲವೂ ನರಿಯ ತಲೆಯ ಮೇಲೆಯೇ ಬಂದವು. ಹುಳುಗಳು ಕಪ್ಪು ಮೋಡದಂತೆ ಎದ್ದವು. ನರಿ ಕಿರುಚುತ್ತಾ ಹಳ್ಳಕ್ಕೆ ಹಾರಿತು. ಕೋತಿಯ ಮೂತಿಗೂ ಕೆಲವು ಹುಳು ಕುಟುಕಿದವು. ಅದು ಮರದಿಂದ ಮರಕ್ಕೆ ನೆಗೆದು ಹೇಗೋ ಪಾರಾಯಿತು.

ಹುಳುಗಳು ಶಾಂತವಾದ ಮೇಲೆ ಕರಿಮೊಗ ಹಳ್ಳದ ದಡಕ್ಕೆ ಬಂತು. ನರಿ ಕುತ್ತಿಗೆಯವರೆಗೂ ನೀರಿನಲ್ಲಿತ್ತು. ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು.

“ಮೋಸಗಾರ!” ಎಂದು ನರಳಿತು ನರಿ. “ಬೇಕಂತಲೇ ನನ್ನನ್ನು ಕೆಳಗೆ ನಿಲ್ಲಿಸಿದೆ.”

ಕೋತಿ ಊದಿದ ಮೂತಿಯನ್ನು ಸವರಿಕೊಂಡಿತು. “ಅಲ್ಲಿ ಜೇನಿದೆ ಅಂತ ಒಂದು ಮಾತು ಹೇಳಿದ್ದರೆ, ನಿನ್ನನ್ನು ಅಲ್ಲಿ ನಿಲ್ಲಿಸುತ್ತಿದ್ದೆನಾ?”

ನರಿ ನೀರಿನೊಳಗೆ ಮುಖ ಮುಳುಗಿಸಿತು.

ನೀತಿ: ಸ್ವಾರ್ಥಕ್ಕಾಗಿ ಅಪಾಯವನ್ನು ಮುಚ್ಚಿಟ್ಟು ಬೇರೆಯವರನ್ನು ಮುಂದೆ ತಳ್ಳುವವರು, ಕೊನೆಗೆ ಅದೇ ಅಪಾಯಕ್ಕೆ ತಾವೇ ಸಿಕ್ಕಿಬೀಳುತ್ತಾರೆ.