ಜಟ್ಟಿಯ ಮೂರು ಸೋಲು

“ಗುರುಗಳೇ, ಸೋತವನು ಯಾವ ಮುಖ ಹೊತ್ತು ಮತ್ತೆ ಅಖಾಡಕ್ಕೆ ಇಳಿಯಬೇಕು?”

ಹೀಗೆ ಕೇಳಿದವನು ಹಾಲಪ್ಪನೆಂಬ ಶಿಷ್ಯ. ಹಿಂದಿನ ದಿನ ನೆರೆಯೂರಿನ ಕುಸ್ತಿಯಲ್ಲಿ ಅವನು ಸೋತಿದ್ದನು. ಬೆಳಗಾಗುತ್ತಲೇ ಗರಡಿಗೆ ಬಂದು, ತನ್ನ ಲಂಗೋಟಿಯನ್ನು ಗುರುಗಳ ಮುಂದಿಟ್ಟು, ಇನ್ನು ಇದನ್ನು ಕಟ್ಟುವುದಿಲ್ಲವೆಂದು ಹೇಳಿದ್ದನು. ಗುರುಗಳು ಅವನನ್ನು ಸಮಾಧಾನ ಮಾಡಲಿಲ್ಲ. ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಜಟ್ಟಿಯಿದ್ದನು. ಅವನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಕಂಡವರಿರಲಿಲ್ಲ. ಒಂದು ವರ್ಷ ದೊರೆಯ ಮುಂದೆ ನಡೆದ ಕುಸ್ತಿಯಲ್ಲಿ, ಗಡಿಯಾಚೆಯಿಂದ ಬಂದ ಯುವಕನೊಬ್ಬ ಅವನನ್ನು ಕೆಡವಿದನು. ಜಟ್ಟಿ ಮನೆಗೆ ಬಂದು ಆ ಮಾತನ್ನೇ ಎತ್ತಲಿಲ್ಲ. ಎತ್ತುವ ಧೈರ್ಯ ಬೇರೆಯವರಿಗೂ ಇರಲಿಲ್ಲ. ಮೈಯಲ್ಲಿ ಬಲ ಸಾಲದಾಯಿತೆಂದು ಬಗೆದು, ಮೊದಲಿನಿಂದ ಮಾಡುತ್ತಿದ್ದ ಸಾಮನ್ನೇ ಇಮ್ಮಡಿ ಮಾಡಿದನು. ಮರುವರ್ಷ ಹೋದನು. ಅದೇ ಯುವಕ ಮತ್ತೆ ಕೆಡವಿದನು.

ಹೆಂಡತಿ ಅವನ ಊದಿದ ಹೆಗಲಿಗೆ ಎಣ್ಣೆ ಹಚ್ಚುತ್ತ, “ಹೋದ ವರ್ಷವೂ ಈ ಬಲ ಹೆಗಲೇ ಊದಿತ್ತು. ಅವನು ನಿಮ್ಮನ್ನು ಹೇಗೆ ಕೆಡವುತ್ತಾನೆ?” ಎಂದು ಕೇಳಿದಳು.

“ಬಿದ್ದದ್ದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?” ಎಂದು ಜಟ್ಟಿ ಸಿಡುಕಿದನು.

ಆದರೆ ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಗೆದ್ದ ಕುಸ್ತಿಗಳೆಲ್ಲ ಒಂದೊಂದು ಪಟ್ಟಿನ ಸಮೇತ ಅವನಿಗೆ ನೆನಪಿದ್ದವು. ಸೋತ ಕುಸ್ತಿಗಳಲ್ಲಿ ಮಾತ್ರ, ಆಕಾಶ ಕಂಡದ್ದು ಮತ್ತು ಜನ ಕೂಗಿದ್ದು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ.

ಮರುದಿನ ಅವನು ಗರಡಿಗೆ ಹೋಗಿ ತನ್ನ ಹಿರಿಯ ಶಿಷ್ಯನನ್ನು ಕರೆದನು. “ನಾನು ಬಿದ್ದದ್ದನ್ನು ನೀನು ನೋಡಿದ್ದೀಯೆ. ಅವನು ಕೆಡವಿದ ಹಾಗೆಯೇ ನನ್ನನ್ನು ಕೆಡವು” ಎಂದನು.

ಶಿಷ್ಯ ಕೈಮುಗಿದು, “ನಿಮ್ಮ ಬೆನ್ನಿಗೆ ಮಣ್ಣು ಹತ್ತಿಸುವ ಪಾಪ ನನಗೆ ಬೇಡ” ಎಂದನು.

“ಪರರು ಹತ್ತಿಸಿದ್ದಾರೆ. ನನ್ನವನು ನೀನು, ಹತ್ತಿಸಲಾರೆಯಾ?”

ಶಿಷ್ಯ ಅಳುತ್ತಲೇ ಅವನನ್ನು ಕೆಡವಿದನು. ಜಟ್ಟಿಗೆ ಏನೂ ತಿಳಿಯಲಿಲ್ಲ. “ಇನ್ನೊಮ್ಮೆ. ನಿಧಾನವಾಗಿ” ಎಂದನು. ಸಾಮು ಮಾಡುತ್ತಿದ್ದವರು ನಿಂತು ನೋಡಿದರು. ಕೆಲವರು ನೋಡಲಾರದೆ ಎದ್ದುಹೋದರು. ದೊರೆಯ ಮುಂದೆ ಬಿದ್ದದ್ದಕ್ಕಿಂತ ತನ್ನ ಗರಡಿಯಲ್ಲಿ ಬೀಳುವುದು ಜಟ್ಟಿಗೆ ಹೆಚ್ಚು ನೋವು ಕೊಟ್ಟಿತು. ಆದರೂ ದಿನವೂ ಬಿದ್ದನು, ಕಣ್ಣು ಬಿಟ್ಟುಕೊಂಡು ಬಿದ್ದನು.

ಕೊನೆಗೊಂದು ದಿನ ಅವನಿಗೆ ಕಂಡಿತು. ಎದುರಾಳಿ ಒಂದು ಹೆಜ್ಜೆ ಹಿಂದೆ ಸರಿದ ಕೂಡಲೇ, ಇನ್ನು ಗೆದ್ದೆನೆಂದು ತಾನು ಮೈಭಾರವನ್ನೆಲ್ಲ ಮುಂದಕ್ಕೆ ಹಾಕುತ್ತಿದ್ದನು. ಆ ಭಾರವೇ ಅವನನ್ನು ಕೆಡವುತ್ತಿತ್ತು. ಅಷ್ಟು ಕಾಲ ಅವನನ್ನು ಗೆಲ್ಲಿಸಿದ್ದೂ ಅದೇ ಅಭ್ಯಾಸ.

ಮೂರನೆಯ ವರ್ಷ ಇಬ್ಬರೂ ಮತ್ತೆ ಎದುರಾದರು. ಯುವಕ ಒಂದು ಹೆಜ್ಜೆ ಹಿಂದೆ ಸರಿದನು. ಜಟ್ಟಿ ಮುನ್ನುಗ್ಗಲಿಲ್ಲ. ಯುವಕ ಮತ್ತೆ ಸರಿದನು. ಜಟ್ಟಿ ನಿಂತಲ್ಲೇ ನಿಂತನು. ಯುವಕನಿಗೆ ದಿಕ್ಕು ತೋಚಲಿಲ್ಲ. ಹೊತ್ತು ಇಳಿಯುವವರೆಗೆ ಕುಸ್ತಿ ನಡೆಯಿತು. ಕಡೆಗೆ ಯುವಕ ಅವನ ಎಡಗಾಲಿಗೆ ಕೈಹಾಕಿ, ತಿರುವಿ ಕೆಡವಿದನು.

ಜನ ಮರುಗಿದರು. ಜಟ್ಟಿ ಎದ್ದು, ಮೈಯ ಮಣ್ಣನ್ನೂ ಕೊಡವದೆ ಯುವಕನ ಬಳಿಗೆ ಹೋದನು. “ಇದು ನನಗೆ ಹೊಸದು. ಹೇಗೆ ಮಾಡಿದೆ, ಇನ್ನೊಮ್ಮೆ ತೋರಿಸು” ಎಂದನು. ಯುವಕ ಬೆರಗಾದನು. ಬಳಿಕ ಬಗ್ಗಿ ಅವನ ಪಾದ ಮುಟ್ಟಿ, ದೊರೆಯ ಎದುರಿನಲ್ಲೇ ಆ ಪಟ್ಟನ್ನು ತೋರಿಸಿಕೊಟ್ಟನು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಹಾಲಪ್ಪ ತಡೆಯಲಾರದೆ, “ಮುಂದಿನ ವರ್ಷ ಅವನು ಗೆದ್ದನೇ?” ಎಂದು ಕೇಳಿದನು.

“ಅದಿರಲಿ, ನಿನ್ನೆ ನೀನು ಹೇಗೆ ಬಿದ್ದೆ ಹೇಳು” ಎಂದರು ಗುರುಗಳು.

“ಆಕಾಶ ಕಂಡಿತು, ಜನ ಕೂಗಿದರು” ಎಂದು ಹಾಲಪ್ಪನು ಗುರುಗಳ ಮುಂದಿದ್ದ ಲಂಗೋಟಿಯನ್ನು ಕೈಗೆತ್ತಿಕೊಂಡನು.